ತಪ್ಪಿನ ಸೌಟು

ಹೊಂಬೆಟ್ಟ ಕಾಫಿಯ ಪೊಟ್ಟಣ ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ, ಬೆಲೆ ಅಚ್ಚು ಹಾಕಿದ ಜಾಗದ ಪಕ್ಕದಲ್ಲಿ, ಕೈಯಲ್ಲಿ ಸೌಟು ಹಿಡಿದು ನಗುತ್ತ ನಿಂತಿರುವ ಹೆಂಗಸೇ ಮುತ್ತಮ್ಮ. ಆ ನಗು ಫೋಟೋದವನು ಹೇಳಿಕೊಟ್ಟ ನಗುವಲ್ಲ, ಅವಳದೇ. ಆಗ ಅವಳಿಗೆ ನಗಲು ಕಾರಣವಿತ್ತು. ಆಲ್ದೂರಿನ ಪೇಟೆಗೆ ಹೋದರೆ ಆ ಪೊಟ್ಟಣವನ್ನು ಅಂಗಡಿಯವರ ಮೂಗಿನ ಮುಂದೆ ಹಿಡಿದು, "ಇದ್ಯಾರು ಅಂತ ಗೊತ್ತಾತಾ?" ಅಂತ ಕೇಳದೆ ಆಕೆ ಒಂದು ಸೇರು ಉಪ್ಪೂ ಕೊಂಡವಳಲ್ಲ. ಗೊತ್ತಾಗಲಿಲ್ಲ ಅಂದವರ ಅಂಗಡಿಗೆ ಮತ್ತೆ ಕಾಲಿಡುತ್ತಿರಲಿಲ್ಲ.

ಇದನ್ನು ಕೇಳಿ ಮುತ್ತಮ್ಮ ಪಾಪದ ಹೆಂಗಸು ಅಂತ ಯಾರೂ ತಿಳಿಯಬೇಕಾಗಿಲ್ಲ. ಮನಸ್ಸು ಒಳ್ಳೆಯದೇ. ಆದರೆ ಬಾಯಿ ಜೋರು, ಜಂಬ ಅದಕ್ಕಿಂತ ಜೋರು, ತಾನು ಹೇಳಿದ್ದೇ ಆಗಬೇಕು ಅನ್ನುವ ಹಟ ಎಲ್ಲಕ್ಕಿಂತ ಜೋರು. ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಹುಟ್ಟಿ, ಕಾಫಿ ಹಣ್ಣು ಕುಯ್ಯುತ್ತ ಬೆಳೆದು, ಕುಡುಕ ಗಂಡನನ್ನು ಬೇಗನೆ ಮಣ್ಣು ಮಾಡಿ, ಹೆರಿಗೆಯಲ್ಲಿ ತೀರಿಕೊಂಡ ತಂಗಿಯ ಮಗ ದೇವೇಂದ್ರನನ್ನು ಸೊಂಟಕ್ಕೇರಿಸಿಕೊಂಡು ಬದುಕಿದವಳು. "ನಾನು ಯಾರ ಮುಂದೂ ತಲೆ ತಗ್ಸಿದವಳಲ್ಲ" ಅಂತ ಹೇಳಿಕೊಳ್ಳುತ್ತಿದ್ದಳು. ತಗ್ಗಿಸಿದ್ದಳು, ಲೈನಿನಲ್ಲಿ ಹುಟ್ಟಿ ತಗ್ಗಿಸದವರು ಯಾರಿದ್ದಾರೆ? ಆದರೆ ಶಶಿಧರನ ಕಾಫಿ ಪುಡಿ ಮಿಲ್ಲಿಗೆ ಬಂದ ಮೇಲೆ ತಗ್ಗಿಸಬೇಕಾಗಿ ಬರಲಿಲ್ಲ, ಅಷ್ಟು ನಿಜ.

ಮಿಲ್ಲು ಅಂದರೆ ಆಗ ಬಸ್ ನಿಲ್ದಾಣದ ಹಿಂದಿನ ಒಂದು ತಗಡಿನ ಶೆಡ್ಡು. ಅಪ್ಪನ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಕೂರಲಾರೆ ಅಂತ ಜಗಳ ಮಾಡಿಕೊಂಡು ಹೊರಬಂದ ಶಶಿಧರ, ಯಾರೋ ಮಾರಿದ ಹಳೆಯ ರೋಸ್ಟರ್ ತಂದು ಅಲ್ಲಿ ಕೂರಿಸಿದ್ದ. ಬೀಜ ಹುರಿಯಲು ತಮ್ಮಯ್ಯ ಅನ್ನುವವನೊಬ್ಬ, ಪುಡಿ ಮಾಡಲು ಇನ್ನಿಬ್ಬರು, ಪೊಟ್ಟಣ ಕಟ್ಟಲು ನಾಲ್ಕಾರು ಹೆಂಗಸರು. ಕಸ ಗುಡಿಸಲು ಬಂದ ಮುತ್ತಮ್ಮ, ಎಲ್ಲರೂ ತಣ್ಣಗಾದ ಬುತ್ತಿ ಬಿಚ್ಚಿ ಮೂಲೆಗೊಬ್ಬರಂತೆ ಕೂತು ಉಣ್ಣುವುದನ್ನು ನೋಡಿ ತಡೆಯಲಾರದೆ ಶೆಡ್ಡಿನ ಹಿಂದೆ ಒಲೆ ಹೂಡಿಬಿಟ್ಟಳು. ಕಳಲೆ ಸಾರು, ಹಲಸಿನ ಬೀಜದ ಹುಳಿ, ಕೆಸುವಿನ ಸೊಪ್ಪಿನ ಗೊಜ್ಜು, ಏನು ಸಿಕ್ಕಿದರೆ ಅದು. ಮಧ್ಯಾಹ್ನ ನೆಲದ ಮೇಲೆ ಒಂದೇ ಪಂಕ್ತಿ, ಶಶಿಧರನೂ ಅದೇ ಪಂಕ್ತಿಯಲ್ಲಿ. ಅವನ ತಾಯಿ ಬಸಮ್ಮನವರು, "ಲಿಂಗ ಕಟ್ಟಿದ ಮೈ ಕಣೋ, ಯಾರ್ಯಾರ ಕೈದೋ ಉಣ್ತೀಯಲ್ಲ" ಅಂತ ಕಣ್ಣೀರು ಹಾಕಿದರು. ಶಶಿಧರ ಉಂಡ. ಹಾಗೆ ಉಂಡನಲ್ಲ, ಅದಕ್ಕೇ ಮುತ್ತಮ್ಮ ಅವನಿಗೆ ತನ್ನ ಜೀವ ಬರೆದುಕೊಟ್ಟಳು.

ಒಂದು ದಿನ ತಮ್ಮಯ್ಯ ರೋಸ್ಟರಿನ ಮುಂದೆ ಕೂತಲ್ಲೇ ನಿದ್ದೆ ಹೋದ. ಡ್ರಮ್ಮಿನ ತುಂಬ ಇದ್ದ ಬೀಜ ಇದ್ದಿಲಾಯಿತು. ಆಗಿನ ಶಶಿಧರನಿಗೆ ಅದು ಸಣ್ಣ ಪೆಟ್ಟಲ್ಲ. ಮುಖ ಕಪ್ಪಿಟ್ಟಿತು, ಆದರೆ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಪಂಕ್ತಿಯಲ್ಲಿ ಯಾರಿಗೂ ತುತ್ತು ಇಳಿಯುತ್ತಿಲ್ಲ. ತಮ್ಮಯ್ಯ ಎಲೆಯ ಮುಂದೆ ಕೈ ಮುಗಿದು, "ನಂದೇ ತಪ್ಪು ಅಣ್ಣ, ಕಣ್ಣು ಹತ್ತಿಬಿಡ್ತು" ಅಂದ. ಶಶಿಧರ ಅವನನ್ನೇ ಒಂದು ಗಳಿಗೆ ನೋಡಿದ. ಆಮೇಲೆ, "ಮುತ್ತಕ್ಕಾ, ಇವನಿಗೆ ಇನ್ನೊಂದು ಸೌಟು ಸಾರು ಹಾಕು. ಸುಟ್ಟಿದ್ದು ಬೀಜ, ಇವನ ಹೊಟ್ಟೆಯಲ್ಲ" ಅಂದ. ತಮ್ಮಯ್ಯ ಗಳಗಳನೆ ಅತ್ತ, ಎಲ್ಲರೂ ನಕ್ಕರು, ಅಲ್ಲಿಗೆ ಮುಗಿಯಿತು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಯಾರೇ ಏನೇ ಕೆಡಿಸಲಿ, ಮಧ್ಯಾಹ್ನದ ಪಂಕ್ತಿಯಲ್ಲಿ ತಾನೇ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರ ಮೇಲೆ ಹಾಕುವಂತಿಲ್ಲ, ಸಬೂಬು ಹೇಳುವಂತಿಲ್ಲ. ಹೇಳಿದವನ ಎಲೆಗೆ ಮುತ್ತಮ್ಮ ಒಂದು ಸೌಟು ಹೆಚ್ಚು ಹಾಕುತ್ತಾಳೆ. ಹಾಕಿದ ಮೇಲೆ ಆ ಮಾತನ್ನು ಯಾರೂ ಎತ್ತಬಾರದು, ಯಜಮಾನನೂ ಎತ್ತಬಾರದು. ಅದಕ್ಕೆ ತಪ್ಪಿನ ಸೌಟು ಅಂತ ಹೆಸರು ಬಿತ್ತು. ವರ್ಷಗಟ್ಟಲೆ ನಡೆಯಿತು ಇದು. ಪುಡಿ ಅದಲುಬದಲಾದದ್ದು, ಕಲ್ಲು ಸಿಕ್ಕಿ ಮಷಿನ್ ಹಾಳಾದದ್ದು, ಜೀಪು ಚರಂಡಿಗೆ ಇಳಿದದ್ದು, ಎಲ್ಲವೂ ಆ ಸೌಟಿನಲ್ಲೇ ಮುಗಿದುಹೋದವು. ಪೊಲೀಸಿಗೂ ಇಲ್ಲದ, ನ್ಯಾಯಾಧೀಶನಿಗೂ ಇಲ್ಲದ ಅಧಿಕಾರ ತನ್ನ ಕೈಯ ಸೌಟಿಗಿದೆ ಅಂತ ಮುತ್ತಮ್ಮ ನಂಬಿಬಿಟ್ಟಳು.

ಕಂಪನಿ ಬೆಳೆಯಿತು. ಬೆಳೆಯಲಿ, ಯಾರು ಬೇಡ ಅಂದರು? ಊರಾಚೆ ಗದ್ದೆ ಮಟ್ಟ ಮಾಡಿ ದೊಡ್ಡ ಕಟ್ಟಡ ಎದ್ದಿತು, ಮುಂದೆ ಗಾಜು, ಹಿಂದೆ ಗೋಡೌನು. ಬೆಂಗಳೂರಿನ ಯಾರೋ ದುಡ್ಡು ಹಾಕಿದರು, ಹೊರದೇಶಕ್ಕೆ ಬೀಜ ಹೋಗತೊಡಗಿತು, ಎಸ್ಟೇಟುಗಳಿಂದ ತೊಳೆದು ಒಣಗಿಸಿ ಬರುವ ಪಾರ್ಚ್‌ಮೆಂಟ್ ಬೀಜದ ಸಿಪ್ಪೆ ಸುಲಿಯಲು ಹಲ್ಲರ್ ಮಷಿನ್ನುಗಳು ಸಾಲಾಗಿ ನಿಂತವು. ಊಟ ಗುತ್ತಿಗೆಯವರ ಪಾಲಾಯಿತು, ಸ್ಟೀಲಿನ ತಟ್ಟೆ ಹಿಡಿದು ಕ್ಯೂ ನಿಲ್ಲುವುದು ಬಂತು. ಶಶಿಯಣ್ಣ ಹೋಗಿ ಸರ್ ಆದ. ಸರ್ ಮೇಲಿನ ಮಹಡಿಯಲ್ಲಿ ಉಣ್ಣುತ್ತಾರೆ ಅಂದರು. ಉಣ್ಣುವುದನ್ನು ಕೆಳಗಿನವರು ಯಾರೂ ನೋಡಲಿಲ್ಲ. ಮುತ್ತಮ್ಮನ ಒಲೆ ಆರಿತು. ಕಂಪನಿಯ ಹಿಂದೆ ಒಂದು ಕೋಣೆ ಕೊಟ್ಟು, ಆಫೀಸಿನವರಿಗೆ ಕಾಫಿ ಕಲಸಿಕೊಡುವ ಕೆಲಸಕ್ಕೆ ಹಾಕಿದರು. ಅವಳಿಗೆ ಬೇಸರವಾಗಲಿಲ್ಲವೇ ಅಂದರೆ ಆಯಿತು. ಆದರೆ ದೇವೇಂದ್ರನಿಗೆ ಹಲ್ಲರಿನಲ್ಲಿ ಕೆಲಸ ಕೊಡಿಸಿದ್ದಳು, ಅವನಿಗೆ ಕಳಸದ ಕಡೆಯ ಅರುಣಾ ಅನ್ನುವ ಗಟ್ಟಿ ಹುಡುಗಿಯನ್ನು ತಂದು ಮದುವೆ ಮಾಡಿದ್ದಳು, ಮನೆಯಲ್ಲೊಂದು ಕೂಸು ಆಡುತ್ತಿತ್ತು. ಬೇಸರಪಡಲು ಪುರಸೊತ್ತಿರಲಿಲ್ಲ.

ಆಗ ಬಂದವಳು ಸುಪ್ರಿಯಾ, ಎಚ್‌ಆರ್ ಮ್ಯಾನೇಜರು. ನಯವಾದ ಮಾತು, ಎಲ್ಲರನ್ನೂ ಹೆಸರು ಹಿಡಿದು ಕರೆಯುವ ನೆನಪು. ಒಂದು ಸಂಜೆ ಕಾಫಿ ಕುಡಿಯುತ್ತ ಮುತ್ತಮ್ಮನಿಂದ ತಮ್ಮಯ್ಯನ ಕಥೆ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಕಣ್ಣು ಅರಳಿತು. "ಅಮ್ಮಾ, ಇದು ಚಿನ್ನ. ಇದನ್ನ ಯಾಕೆ ನಿಲ್ಲಿಸಿದ್ರಿ ನೀವು?" ಅಂದಳು. ಮುತ್ತಮ್ಮ ನಿಲ್ಲಿಸಿದಳಂತೆ!

ತಿಂಗಳು ಕಳೆಯುವುದರೊಳಗೆ 'ಮುತ್ತಮ್ಮನ ಪಂಕ್ತಿ' ಶುರುವಾಯಿತು. ತಿಂಗಳಿಗೊಮ್ಮೆ ಶನಿವಾರ ಕ್ಯಾಂಟೀನಿನ ಮೇಜು ಕುರ್ಚಿ ಸರಿಸಿ, ಚಾಪೆ ಹಾಸಿ, ಎಲ್ಲರನ್ನೂ ಬಾಳೆಲೆಯ ಮುಂದೆ ಕೂರಿಸುವುದು. ತಪ್ಪು ಮಾಡಿದವರು ಮೈಕ್ ಹಿಡಿದು ಹೇಳುವುದು. ಮುತ್ತಮ್ಮ ಕಂಪನಿ ಕೊಟ್ಟ ರೇಷ್ಮೆ ಸೀರೆ ಉಟ್ಟು ಅವರ ಎಲೆಗೆ ಒಂದು ಸೌಟು ಪಾಯಸ ಹಾಕುವುದು. ಇದನ್ನೆಲ್ಲ ಒಬ್ಬ ವಿಡಿಯೋ ಮಾಡಿಕೊಳ್ಳುತ್ತಿದ್ದ. ಪೊಟ್ಟಣದ ಮೇಲೆ ಅವಳ ಫೋಟೋ ಬಂದದ್ದು ಆಗಲೇ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನೆಲ್ಲ ಮೊದಲ ದಿನ ಒಂದು ದೊಡ್ಡ ಹಾಲ್‌ನಲ್ಲಿ ಕೂರಿಸಿ ಮುತ್ತಮ್ಮನಿಂದ ತಮ್ಮಯ್ಯನ ಕಥೆ ಹೇಳಿಸುವುದೂ ಶುರುವಾಯಿತು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಶಶಿಯಣ್ಣ ಮರ್ತಿಲ್ಲ ನೋಡು, ಎಷ್ಟು ದೊಡ್ಡವರಾದ್ರೂ ಮರ್ತಿಲ್ಲ" ಅಂತ ಮನೆಯಲ್ಲಿ ಹೇಳಿದ್ದೇ ಹೇಳಿದ್ದು.

ಅರುಣಾ ಒಮ್ಮೆ ಕೇಳಿಯೇಬಿಟ್ಟಳು. "ಅತ್ತೆ, ಶಶಿಯಣ್ಣ ಆ ಪಂಕ್ತೀಲಿ ಕೂರ್ತಾರಾ?"

"ಅವರಿಗೆ ಮೀಟಿಂಗು ಇರ್ತದೆ ಮಾರಾಯ್ತಿ. ನಿಂಗೆ ಎಂತ ಗೊತ್ತು?"

ಪಂಕ್ತಿಯಲ್ಲಿ ತಿಮ್ಮಮ್ಮ ಅನ್ನುವವಳು, ಬೀಜ ಆರಿಸುವಾಗ ಎರಡು ಎಸ್ಟೇಟಿನ ಮಾಲು ಬೆರೆಸಿಬಿಟ್ಟೆ ಅಂತ ಹೇಳಿಕೊಂಡಳು. ಪಾಯಸ ಬಿತ್ತು, ಚಪ್ಪಾಳೆ ಬಿತ್ತು. ಮುಂದಿನ ಹಂಗಾಮಿಗೆ ಅವಳನ್ನು ಕರೆಯಲಿಲ್ಲ. ತಿಮ್ಮಮ್ಮ ಮುತ್ತಮ್ಮನ ಬಾಗಿಲಿಗೆ ಬಂದು ಅತ್ತಳು. ಮುತ್ತಮ್ಮ ಅವಳಿಗೆ ಊಟ ಹಾಕಿ ಕಳಿಸಿ, ಆಮೇಲೆ, "ಅವಳಿಗೆ ಮೊದ್ಲೇ ಕೆಲ್ಸದ ಮೇಲೆ ಮನಸ್ಸಿರ್ಲಿಲ್ಲ ಬಿಡು" ಅಂದಳು. ಕಣ್ಣಿದ್ದೂ ಕಾಣದಿರುವುದು ಅಂದರೆ ಇದೇ. ತನ್ನ ಸೌಟು ಬಿದ್ದ ಎಲೆ ಕಿತ್ತುಕೊಳ್ಳುವವರು ಇದ್ದಾರೆ ಅಂತ ಒಪ್ಪಿಕೊಂಡರೆ ಮುತ್ತಮ್ಮನ ಹತ್ತಿರ ಉಳಿಯುವುದು ಏನು?

ಆ ವರ್ಷ ಬೀಜಕ್ಕೆ ಎಂದೂ ಕಾಣದ ಬೆಲೆ ಬಂತು. ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿದವು, ಹಲ್ಲರುಗಳು ಹಗಲೂ ರಾತ್ರಿ ಓಡತೊಡಗಿದವು. ಹಲ್ಲರಿನ ಬೆಲ್ಟಿನ ಮೇಲೆ ಕೈ ಸಿಕ್ಕದಂತೆ ಒಂದು ಕಬ್ಬಿಣದ ಜಾಲರಿ ಇರುತ್ತದೆ. ಬೆಲ್ಟಿಗೆ ಕಸ ಸಿಕ್ಕಾಗಲೆಲ್ಲ ಮಷಿನ್ ನಿಲ್ಲಿಸಿ, ಜಾಲರಿ ಬಿಚ್ಚಿ, ಕಸ ತೆಗೆದು, ಮತ್ತೆ ಹಾಕಬೇಕು. "ಅದನ್ನ ಬಿಚ್ಚಿ ಆಚೆ ಇಡಿ ಮಾರಾಯ, ಇಷ್ಟೊತ್ತು ನಿಲ್ಸಿದ್ರೆ ನನ್ನ ತಲೆ ಹೋಗ್ತದೆ" ಅಂದವನು ಶಿಫ್ಟ್ ಇನ್‌ಚಾರ್ಜ್ ಜಯಪ್ರಕಾಶ್. ಎಲ್ಲರ ಮುಂದೆಯೇ ಅಂದ. ದೇವೇಂದ್ರ ಬಿಚ್ಚಿಟ್ಟ. ಅದಾಗಿ ವಾರದೊಳಗೆ, ಓಡುತ್ತಿದ್ದ ಬೆಲ್ಟಿನಿಂದ ಗೋಣಿಯ ಚೂರು ಎಳೆಯಲು ಹೋದ ಅವನ ಬಲಗೈಯನ್ನು ಬೆಲ್ಟು ಎಳೆದುಕೊಂಡಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಆ ಕೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಇದ್ದವು.

ಮುತ್ತಮ್ಮ ಎದೆ ಬಡಿದುಕೊಂಡು ಅತ್ತಳು. ಅರುಣಾ ಅಳಲಿಲ್ಲ. ಕೂಸನ್ನು ಎತ್ತಿಕೊಂಡು ಮೂಡಿಗೆರೆಗೆ ಹೋಗಿ ಒಬ್ಬ ವಕೀಲರನ್ನು ಕಂಡು ಬಂದಳು. ವಕೀಲರು ಹೇಳಿದ್ದು ಇಷ್ಟೇ: ಜಾಲರಿ ತೆಗೆಸಿದ್ದು ಇನ್‌ಚಾರ್ಜ್ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ನೋಡಿದವರಿದ್ದಾರೆ, ಚಿಕಿತ್ಸೆ, ಪರಿಹಾರ, ಕೂತು ಮಾಡುವ ಬೇರೆ ಕೆಲಸ, ಎಲ್ಲ ಕಂಪನಿಯೇ ಕೊಡಬೇಕಾಗುತ್ತದೆ, ತಪ್ಪಿಯೂ ನಾನೇ ತೆಗೆದೆ ಅಂತ ಮಾತ್ರ ಎಲ್ಲೂ ಹೇಳಬೇಡಿ, ಹೇಳಿದರೆ ಕೈ ಹೋದದ್ದಲ್ಲದೆ ಕೇಸೂ ಹೋಯಿತು.

ಅದೇ ಸಂಜೆ ಸುಪ್ರಿಯಾ ಹಣ್ಣಿನ ಬುಟ್ಟಿ ಹಿಡಿದು ಮುತ್ತಮ್ಮನ ಕೋಣೆಗೆ ಬಂದಳು. ಚಾಪೆಯ ಮೇಲೆಯೇ ಕೂತಳು, ಮುತ್ತಮ್ಮನ ಕೈ ಹಿಡಿದುಕೊಂಡಳು. "ಅಮ್ಮಾ, ಯಾರ್ಯಾರೋ ವಕೀಲರು ಅಂತೆಲ್ಲ ಕೇಳಿದೆ. ಸರ್‌ಗೆ ತುಂಬಾ ನೋವಾಗಿದೆ. ಮನೆ ಮಾತು ಬೀದಿಗೆ ಯಾಕೆ? ದೇವೇಂದ್ರ ನಿಮ್ಮ ಪಂಕ್ತಿಯಲ್ಲಿ ಒಂದು ಮಾತು ಹೇಳಿಬಿಡ್ಲಿ. ನೀವು ಬಡಿಸಿ. ಆಮೇಲೆ ಯಾರೂ ಆ ಮಾತು ಎತ್ತೋ ಹಾಗಿಲ್ಲ ಅಲ್ವಾ? ನಿಮ್ಮದೇ ಪದ್ಧತಿ."

"ಅವನ ಕೆಲ್ಸ?" ಅಂತ ಮುತ್ತಮ್ಮ ಕೇಳಿದಳು.

"ನೀವಿರುವಾಗ ಅವನ ಕೆಲಸದ ಚಿಂತೆ ಯಾಕಮ್ಮಾ?"

ನೋಡಿ, ಕೊಡುತ್ತೇವೆ ಅಂತ ಅವಳು ಹೇಳಲಿಲ್ಲ. ಮುತ್ತಮ್ಮ ಮಾತ್ರ ಹಾಗಂತಲೇ ಕೇಳಿಸಿಕೊಂಡಳು.

ಮನೆಯಲ್ಲಿ ದೊಡ್ಡ ರಂಪವಾಯಿತು. ದೇವೇಂದ್ರ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದ. "ಜಾಲರಿ ತೆಗೆ ಅಂದಿದ್ದು ಜಯಪ್ರಕಾಶ್ ದೊಡ್ಡಮ್ಮ. ನಾನ್ಯಾಕೆ ನಂದು ಅನ್ನಲಿ?"

"ಪಂಕ್ತೀಲಿ ಇನ್ನೊಬ್ಬರ ಹೆಸರು ಎತ್ತಬಾರ್ದು ಕಣೋ. ತಮ್ಮಯ್ಯ ಎತ್ತಿದ್ನಾ? ಹಿಂದಿನ ದಿವ್ಸ ರಾತ್ರಿಯೆಲ್ಲ ಅವನನ್ನ ಲೋಡ್ ಹೊರೋಕೆ ಕಳ್ಸಿದ್ದು ಯಾರು? ಶಶಿಯಣ್ಣಾನೇ. ಅವನು ಅದನ್ನ ಹೇಳಿದ್ನಾ? ನಂದೇ ತಪ್ಪು ಅಂದ. ಅದಕ್ಕೇ ಉಳ್ಕೊಂಡ."

"ಅತ್ತೆ, ಅದು ಅವತ್ತು," ಅಂದಳು ಅರುಣಾ. "ವಕೀಲರು ಕೈ ಮುಗಿದು ಹೇಳಿದಾರೆ. ಇವ್ರು ಬೆರಳು ಕಳ್ಕೊಂಡಿದಾರೆ, ಇನ್ನು ಬಾಯಿನೂ ಕಳ್ಕೋಬೇಕಾ?"

"ನೀನು ಸುಮ್ನಿರೇ! ನಿನ್ನೆ ಮೊನ್ನೆ ಬಂದವಳು ನೀನು. ಆ ಮನುಷ್ಯನ ಉಪ್ಪುಂಡು ಈ ಹುಡುಗ ಇಷ್ಟುದ್ದ ಆಗಿದಾನೆ. ಕೋರ್ಟು ಕಚೇರಿ ಅಂತ ಅವರ ಮರ್ಯಾದೆ ತೆಗೀತೀಯಾ? ನಾನು ಬಡಿಸಿದ ಎಲೆಗೆ ಇವತ್ತಿನ ತನಕ ಶಶಿಯಣ್ಣ ದ್ರೋಹ ಮಾಡಿಲ್ಲ."

ಅರುಣಾ ಗಂಡನ ಮುಖ ನೋಡಿದಳು. ಅವನು ದೊಡ್ಡಮ್ಮನ ಮುಖ ನೋಡಿದ. ಹಾಲು ಕುಡಿಸಿ ಸಾಕಿದವಳ ಮಾತು, ಏನು ಮಾಡುತ್ತಾನೆ? "ಆತು ದೊಡ್ಡಮ್ಮ. ನೀನು ಹೇಳಿದ ಹಂಗೇ ಆಗ್ಲಿ" ಅಂದ. ಅರುಣಾ ಎದ್ದು ಒಳಗೆ ಹೋದಳು. ಆ ರಾತ್ರಿ ಮುತ್ತಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಕೇಳಲು ಸಂಕಟವಾದರೂ ಅದು ನಿಜ.

ಶನಿವಾರ ಕ್ಯಾಂಟೀನು ಕಿಕ್ಕಿರಿದಿತ್ತು. ಅವತ್ತು ವಿಡಿಯೋದವನ ಜೊತೆ ಕರಿ ಕೋಟಿನ ಒಬ್ಬ ಅಪರಿಚಿತನೂ ಮೂಲೆಯಲ್ಲಿ ಕೂತಿದ್ದ. ಅವನು ಯಾರು ಅಂತ ಮುತ್ತಮ್ಮ ಕೇಳಲಿಲ್ಲ. ದೇವೇಂದ್ರ ಎಡಗೈಯಲ್ಲಿ ಮೈಕ್ ಹಿಡಿದ. "ಜಾಲರಿ ನಾನೇ ತೆಗ್ದೆ. ಯಾರೂ ಹೇಳಿಲ್ಲ. ಮಷಿನ್ ನಿಲ್ಸದೆ ಕೈ ಹಾಕಿದ್ದೂ ನಾನೇ. ನಂದೇ ತಪ್ಪು."

ಜಯಪ್ರಕಾಶ್ ತಲೆ ಬಗ್ಗಿಸಿ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಆಚೀಚೆ ಸರಿಸುತ್ತಿದ್ದ. ಸಾಲಿನಲ್ಲಿದ್ದ ಹಲ್ಲರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಜ ಏನು ಅಂತ ಅವರಿಗೆಲ್ಲ ಗೊತ್ತಿತ್ತು, ಒಬ್ಬರೂ ತುಟಿ ಬಿಚ್ಚಲಿಲ್ಲ. ಮುತ್ತಮ್ಮ ಪಾಯಸ ಬಡಿಸಿದಳು. ದೇವೇಂದ್ರ ಎಡಗೈಯಲ್ಲಿ ತಿನ್ನಲು ಹೋಗಿ ಅಂಗಿಯ ಮೇಲೆ ಚೆಲ್ಲಿಕೊಂಡ. ಅವಳು ತನ್ನ ರೇಷ್ಮೆ ಸೆರಗಿನಿಂದಲೇ ಒರೆಸಿದಳು. ಆ ವಿಡಿಯೋ ಎಲ್ಲರ ಫೋನಿಗೂ ಬಂತು.

ಬುಧವಾರ ದೇವೇಂದ್ರನನ್ನು ಗೇಟಿನಲ್ಲಿ ತಡೆದರು. ಸುರಕ್ಷತೆಯ ಸಾಧನವನ್ನು ಬೇಕಂತಲೇ ತೆಗೆದದ್ದನ್ನು ಎಲ್ಲರೆದುರು ಒಪ್ಪಿಕೊಂಡಿದ್ದಾನೆ, ಹಾಗಾಗಿ ಕೆಲಸದಿಂದ ತೆಗೆಯಲಾಗಿದೆ, ಪರಿಹಾರದ ಪ್ರಶ್ನೆಯೇ ಇಲ್ಲ. ವಾಚ್‌ಮನ್ ತಾನೇ ಅಪರಾಧ ಮಾಡಿದವನಂತೆ ಮುಖ ಆಚೆ ತಿರುಗಿಸಿಕೊಂಡು ಹೇಳಿದ. ಮೂಡಿಗೆರೆಯ ವಕೀಲರು ವಿಡಿಯೋ ನೋಡಿ ಫೋನು ವಾಪಸ್ ಅರುಣಾಳ ಕೈಗಿಟ್ಟರು. "ನಾನು ಹೇಳಿದ್ದೇನಮ್ಮಾ, ನೀವು ಮಾಡಿದ್ದೇನು?" ಅಂದರು.

ಮುತ್ತಮ್ಮ ನಂಬಲಿಲ್ಲ. ಇದು ಕೆಳಗಿನವರ ಕಿತಾಪತಿ, ಶಶಿಯಣ್ಣನಿಗೆ ಗೊತ್ತಿಲ್ಲ, ಗೊತ್ತಾದರೆ ಇವರ ಚರ್ಮ ಸುಲಿಯುತ್ತಾರೆ ಅಂತ ಕೂಗಾಡಿದಳು. ಕಾಫಿಯ ಟ್ರೇ ಹಿಡಿದುಕೊಂಡೇ ಮೇಲಿನ ಮಹಡಿಗೆ ಹೋದಳು, ಟ್ರೇ ಇದ್ದದ್ದಕ್ಕೆ ಯಾರೂ ತಡೆಯಲಿಲ್ಲ. ಶಶಿಧರ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. ಕೂದಲು ನರೆತಿತ್ತು, ಮುಖ ಮಾತ್ರ ಅದೇ.

"ಕೂತ್ಕೋ ಮುತ್ತಕ್ಕ" ಅಂದ. ಎಷ್ಟೋ ವರ್ಷದ ಮೇಲೆ ಆ ಕರೆ ಕೇಳಿ ಅವಳಿಗೆ ಅಳು ಉಕ್ಕಿಬಂತು.

"ಅಣ್ಣ, ಹುಡುಗನ್ನ ಗೇಟಲ್ಲಿ ನಿಲ್ಸಿದ್ರಂತೆ. ನಾನು ಬಡಿಸಿದೀನಿ ಅಣ್ಣ. ತಪ್ಪಿನ ಸೌಟು ಹಾಕಿದ ಮೇಲೆ ಮಾತು ಎತ್ತಬಾರ್ದು, ನೀವೇ ಮಾಡಿದ್ದು. ತಮ್ಮಯ್ಯನಿಗೆ ನೀವೇ ಅಲ್ವಾ ಹಾಕ್ಸಿದ್ದು?"

ಶಶಿಧರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಸಿಟ್ಟು ಮಾಡಲಿಲ್ಲ, ಅಷ್ಟಾದರೂ ಮಾಡಬಹುದಿತ್ತು. ತನಗೂ ಹಳೆಯದೆಲ್ಲ ನೆನಪಾಗಿ ಹಗುರಾದವನಂತೆ ನಕ್ಕ.

"ಮುತ್ತಕ್ಕ, ಒಂದು ನಿಜ ಹೇಳ್ಲಾ? ಅವತ್ತು ನಂಗೆ ತಮ್ಮಯ್ಯನ್ನ ಒದ್ದು ಓಡಿಸಬೇಕು ಅನ್ನೋಷ್ಟು ಉರಿ ಎದ್ದಿತ್ತು. ಆದ್ರೆ ಆ ರೋಸ್ಟರ್ ಮುಟ್ಟೋಕೆ ಸುತ್ತಮುತ್ತ ಇನ್ನೊಬ್ಬ ಇರ್ಲಿಲ್ಲ. ಓಡ್ಸಿದ್ರೆ ನಾನೇ ಬಾಗಿಲು ಹಾಕ್ಬೇಕಿತ್ತು. ಅದಕ್ಕೆ ಸಾರು ಹಾಕ್ಸಿದೆ. ನೀವೆಲ್ಲ ಅದನ್ನ ದೊಡ್ಡದು ಮಾಡ್ಕೊಂಡ್ರಿ, ನಂಗೂ ಒಳ್ಳೇದಾಯ್ತು, ಸುಮ್ನಿದ್ದೆ. ಈಗ ಹಲ್ಲರ್ ಓಡ್ಸೋಕೆ ಗೇಟಿನ ಹೊರಗೆ ಎಷ್ಟು ಜನ ನಿಂತಿದಾರೆ ಗೊತ್ತಾ?"

ದೇವೇಂದ್ರನ ಕೈ ಹೋದಾಗ ಆಗದ ಒಂದು ನೋವು ಆಗ ಮುತ್ತಮ್ಮನಿಗೆ ಆಯಿತು. ಅಷ್ಟು ವರ್ಷ ತಾನು ದೇವರ ಪ್ರಸಾದ ಅಂತ ಹಂಚಿದ್ದು ಒಬ್ಬ ವ್ಯಾಪಾರಿಯ ಆ ದಿನದ ಲೆಕ್ಕಾಚಾರ. ಅದನ್ನು ನಂಬಿ ತನ್ನ ಮಗುವಿನ ಬಾಯಿಂದ ತಾನೇ ಸುಳ್ಳು ಹೇಳಿಸಿ ಅವನ ಕುತ್ತಿಗೆ ಕೊಯ್ದಿದ್ದಳು.

"ಹಾಗಂತ ನಿನ್ನ ಕೈ ಬಿಡಲ್ಲ," ಅಂತ ಶಶಿಧರ ಮುಂದುವರಿಸಿದ. "ಅವನ ಹೆಂಡ್ತಿಗೆ ಬೀಜ ಆರ್ಸೋ ಕಡೆ ಕೆಲ್ಸ ಕೊಡಿಸ್ತೀನಿ. ನೀನು ನಿನ್ನ ಪಾಡಿಗೆ ಪಂಕ್ತಿ, ಕಥೆ, ಎಲ್ಲ ಮೊದಲಿನ ಹಾಗೇ ಮಾಡ್ಕೊಂಡು ಹೋಗು. ನೀನು ಬಾಯಿ ಕೆಡಿಸ್ಕೊಂಡ್ರೆ ಆ ಹುಡುಗಿ ಕೆಲ್ಸನೂ ಹೋಗ್ತದೆ, ಕೋಣೆನೂ ಹೋಗ್ತದೆ. ಮನೆ ನಡೀಬೇಕಲ್ಲ ಮುತ್ತಕ್ಕ?" ಆಮೇಲೆ ಟ್ರೇಯಿಂದ ಕಾಫಿ ತೆಗೆದುಕೊಂಡು ಒಂದು ಗುಟುಕು ಕುಡಿದು, "ನಿನ್ನ ಕೈ ರುಚಿ ಹಂಗೇ ಇದೆ ನೋಡು" ಅಂದ.

ಆ ಕಾಫಿಯನ್ನು ಅವನ ಮುಖಕ್ಕೆ ಎರಚಿ ಬಂದಳು ಅಂತ ಹೇಳಲು ಎಷ್ಟು ಚೆನ್ನಾಗಿರುತ್ತಿತ್ತು! ಮುತ್ತಮ್ಮ ಖಾಲಿ ಲೋಟಕ್ಕೆ ಕಾದು ನಿಂತು, ಅದನ್ನು ಟ್ರೇಯಲ್ಲಿಟ್ಟುಕೊಂಡು ಮೆಟ್ಟಿಲು ಇಳಿದಳು.

ಮನೆಯಲ್ಲಿ ಆಕೆ ಎಲ್ಲ ಹೇಳಿದಳು, ಏನೂ ಮುಚ್ಚಿಡಲಿಲ್ಲ. ಅರುಣಾಳ ಕಾಲು ಹಿಡಿಯಲು ಬಗ್ಗಿದಳು. ಅರುಣಾ ಕಾಲು ಹಿಂದಕ್ಕೆಳೆದುಕೊಂಡಳು. "ಕೂಸಿಗೆ ಹಾಲು ತರ್ಬೇಕು ಅತ್ತೆ. ಕೆಲ್ಸಕ್ಕೆ ಹೋಗ್ತೀನಿ," ಅಂದಳು. ಅಷ್ಟು ಬಿಟ್ಟರೆ ಬೈಗುಳ ಇಲ್ಲ, ಕಣ್ಣೀರಿಲ್ಲ. ಬೈದಿದ್ದರೆ ಮುತ್ತಮ್ಮ ಬದುಕುತ್ತಿದ್ದಳು. ದೇವೇಂದ್ರ ಅಂಗಳದಲ್ಲಿ ಕೂತು ಎಡಗೈಯಲ್ಲಿ ಕತ್ತಿ ಹಿಡಿದು ಸೌದೆ ಸಿಗಿಯುವುದನ್ನು ಕಲಿಯುತ್ತಿದ್ದ. ಕತ್ತಿ ಜಾರಿ ಜಾರಿ ಬೀಳುತ್ತಿತ್ತು. ದೊಡ್ಡಮ್ಮ ಎತ್ತಿಕೊಡಲು ಹೋದರೆ, "ಬೇಡ ಬಿಡು" ಅನ್ನುತ್ತಿದ್ದ.

ಹೊಸ ಹಂಗಾಮಿನವರ ಮೊದಲ ದಿನ ಬಂತು. ಹಾಲ್‌ನ ತುಂಬ ಹೊಸ ಮುಖಗಳು, ಎಲ್ಲರ ತಲೆಯ ಮೇಲೂ ಕಂಪನಿಯ ಟೋಪಿ. ಎರಡನೇ ಸಾಲಿನಲ್ಲಿ ಅರುಣಾ. ಸುಪ್ರಿಯಾ ಮುತ್ತಮ್ಮನ ಹೆಗಲ ಮೇಲೆ ಕೈಯಿಟ್ಟು ಕರೆತಂದಳು. "ಇವರು ನಮ್ಮ ಕಂಪನಿಯ ಅಮ್ಮ. ನಿಮಗೆಲ್ಲ ಒಂದು ಕಥೆ ಹೇಳ್ತಾರೆ. ಕಿವಿಗೊಟ್ಟು ಕೇಳಿ."

ಮುತ್ತಮ್ಮ ಶುರು ಮಾಡಿದಳು. ತಗಡಿನ ಶೆಡ್ಡು, ಹಳೆಯ ರೋಸ್ಟರ್, ನಿದ್ದೆ ಹೋದ ತಮ್ಮಯ್ಯ. ಎಷ್ಟೋ ಸಲ ಹೇಳಿದ ಕಥೆ, ಬಾಯಿ ತಾನಾಗಿ ಓಡಿತು. ತಮ್ಮಯ್ಯ ಕೈ ಮುಗಿದಲ್ಲಿಗೆ ಬಂದು ನಿಂತುಬಿಟ್ಟಿತು. ಎದುರಿಗೆ ಕೂತವರೆಲ್ಲ ಎಳೆಯ ಮಕ್ಕಳು.

"ಹೇಳಿ ಅಮ್ಮಾ," ಅಂದಳು ಸುಪ್ರಿಯಾ, ನಗು ಮಾಸದ ಹಾಗೆ.

ಮಾತು ಬರಲಿಲ್ಲ. ಹಾಲ್‌ನಲ್ಲಿ ಗುಸುಗುಸು ಎದ್ದಿತು. ಸುಪ್ರಿಯಾಳ ಕಣ್ಣು ನಿಧಾನವಾಗಿ ಮುತ್ತಮ್ಮನಿಂದ ಎರಡನೇ ಸಾಲಿಗೆ ಹೋಗಿ ಅಲ್ಲೇ ನಿಂತಿತು. ಆಗ ಅರುಣಾ ಎದ್ದು ನಿಂತಳು.

"ಹೇಳಿ ಅತ್ತೆ. ನಮ್ಮನೆಯವ್ರಿಗೆ ಹೇಳಿದ್ರಲ್ಲ, ಹಂಗೇ ಹೇಳಿ. ನಿಮ್ಗೆ ಚೆನ್ನಾಗಿ ಹೇಳೋಕೆ ಬರ್ತದೆ."

ಅತ್ತೆ ಸೊಸೆಯ ತಮಾಷೆ ಅಂದುಕೊಂಡು ಹುಡುಗಿಯರು ಕಿಸಕ್ಕನೆ ನಕ್ಕರು. ಮುತ್ತಮ್ಮ ಸೊಸೆಯ ಮುಖವನ್ನೇ ನೋಡುತ್ತ ಉಳಿದದ್ದನ್ನು ಹೇಳಿದಳು. ಶಶಿಯಣ್ಣ ಏನಂದರು, ತಾನು ಹೇಗೆ ಬಡಿಸಿದೆ, ಎಲ್ಲರೂ ಹೇಗೆ ನಕ್ಕರು, ಒಂದನ್ನೂ ಬಿಡಲಿಲ್ಲ. ಕೊನೆಗೆ, "ಇಲ್ಲಿ ತಪ್ಪು ಒಪ್ಕೊಂಡವ್ರಿಗೆ ಏನೂ ಆಗಲ್ಲ ಮಕ್ಕಳೇ. ಧೈರ್ಯವಾಗಿ ಹೇಳಿ" ಅಂದಳು.

ಇಡೀ ಸಭೆ ಚಪ್ಪಾಳೆ ತಟ್ಟಿತು. ಅರುಣಾಳೂ ತಟ್ಟಿದಳು. ಉಳಿದವರೆಲ್ಲ ನಿಲ್ಲಿಸಿದ ಮೇಲೂ, ಕಣ್ಣು ಮುತ್ತಮ್ಮನ ಮೇಲಿಂದ ತೆಗೆಯದೆ, ಎರಡೂ ಅಂಗೈ ಕೆಂಪಾಗುವ ಹಾಗೆ ತಟ್ಟುತ್ತಲೇ ಇದ್ದಳು. ಸುಪ್ರಿಯಾ ಹತ್ತಿರ ಬಂದು, ಸಾಕು ಕೂತ್ಕೋ ಅಂತ ಹೇಳಬೇಕಾಯಿತು.